ಬ್ಲೀಮಾಳ ಸೀರಣಿಗೆ

ಹೈಫಾದ ಆ ಮೆಟ್ಟಿಲು ಬೀದಿಯಲ್ಲಿ ದರ್ಜಿ ಅಂದರೆ ಬ್ಲೀಮಾ. ಮದುವೆಯ ಉಡುಪಿಗೂ ಅವಳೇ, ಹರಿದ ಚಡ್ಡಿಗೂ ಅವಳೇ. ಪೋಲೆಂಡಿನ ನಾಜಿ ಶಿಬಿರದಿಂದ ಜೀವ ಉಳಿಸಿಕೊಂಡು ಬಂದವಳು. ಮನೆಯಲ್ಲಿ ಆ ಜಾಗಕ್ಕೆ ‘ಅಲ್ಲಿ’ ಎಂದಷ್ಟೇ ಹೆಸರು. ಅಲ್ಲಿ ಅವಳ ತಲೆ ಬೋಳಿಸಿದ್ದರು. ಅದಕ್ಕೇ ಮಗಳು ತಿರ್ಜಾಳಿಗೆ ಒಂಬತ್ತು ವರ್ಷವಾದರೂ ಅವಳ ಕೂದಲಿಗೆ ಕತ್ತರಿ ತಾಗಿಸಿರಲಿಲ್ಲ. ಜಡೆ ಸೊಂಟ ದಾಟಿತ್ತು.

ಮಗಳೋ, ತಾಯಿಯನ್ನು ಗಾಜಿನ ಲೋಟದಂತೆ ಕಾಯುತ್ತಿದ್ದಳು. ತಾನು ಒಂದು ಸೀನು ಸೀನಿದರೂ ಅಮ್ಮನ ಮುಖ ಬಿಳಿಚಿಕೊಳ್ಳುವುದನ್ನು ಕಂಡವಳು. ಹಾಗಾಗಿ ಬಿದ್ದದ್ದು, ಎದ್ದದ್ದು, ಜಗಳವಾಡಿದ್ದು ಯಾವುದನ್ನೂ ಮನೆಯಲ್ಲಿ ಬಾಯಿಬಿಡುತ್ತಿರಲಿಲ್ಲ. ಎಳೆಯ ಮಗುವಿಗೆ ಇದೆಂಥ ಹೊರೆ!

ಅಂಥವಳ ತಲೆಯಲ್ಲಿ ಹೇನು ಸಿಕ್ಕಿತು. ಶಾಲೆಯ ನರ್ಸ್ ಚೀಟಿ ಬರೆದುಕೊಟ್ಟಳು: ಕೂದಲು ಗಿಡ್ಡ ಮಾಡಿಸಿ, ಇಲ್ಲವೇ ಮಗುವನ್ನು ಕಳಿಸಬೇಡಿ. ಅಮ್ಮ ಇದನ್ನು ಓದಿದರೆ ಕುಸಿದೇ ಹೋಗುತ್ತಾಳೆ ಎಂದು ತಿರ್ಜಾ ಚೀಟಿಯನ್ನು ಬೂಟಿನೊಳಗೆ ತುರುಕಿದಳು. ಮಧ್ಯಾಹ್ನ ಮನೆಗೆ ಬಂದವಳೇ ಹೀಟರಿನ ಸೀಮೆಎಣ್ಣೆ ಡಬ್ಬಿ ಹಿಡಿದು ಬಚ್ಚಲು ಸೇರಿ, ಚಿಲಕ ಹಾಕಿಕೊಂಡು, ಹೇನು ಸಾಯಲೆಂದು ತಲೆಗೆ ಸುರಿದುಕೊಂಡಳು.

ವಾಸನೆ ಸುಮ್ಮನಿರುತ್ತದೆಯೇ? ಹೊಲಿಗೆ ಯಂತ್ರ ನಿಂತಿತು.

“ತಿರ್ಜಾ! ಬಾಗ್ಲು ತೆಗಿ! ಏನೇ ಮಾಡ್ಕೊಂಡೆ?”

ತಿರ್ಜಾ ಅಳುತ್ತ ಬಾಗಿಲು ತೆಗೆದು, ಬೂಟಿನಿಂದ ಚೀಟಿ ತೆಗೆದುಕೊಟ್ಟಳು. ಅಮ್ಮ ಬೀಳುತ್ತಾಳೆಂದು ಸೆರಗು ಹಿಡಿಯುವಂತೆ ಅವಳ ಏಪ್ರನ್ ಹಿಡಿದುಕೊಂಡಳು.

ಬ್ಲೀಮಾ ಓದಿದಳು. “ಹೇನಾ? ಬರೀ ಹೇನಾ?” ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನ್ನ ಜೀವ ಬಾಯಿಗ್ ಬಂದಿತ್ತಲ್ಲೇ!”

“ಜಡೆ ಕತ್ತರಿಸ್ಬೇಕಂತೆ...”

“ಯಾರು ಹೇಳಿದ್ದು? ನಿಮ್ಮ ನರ್ಸಮ್ಮ ಹೇನಿನ ವಿಷ್ಯ ನನ್ ಹತ್ರ ಬಂದು ಕಲೀಲಿ. ನಡಿ ಬಿಸಿಲಿಗೆ.”

ಕಣ್ಣುರಿಯದಂತೆ ಮುಖ ತೊಳೆಸಿ, ಬಾಲ್ಕನಿಯಲ್ಲಿ ಮಗಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು ಹೇನು ಬಾಚುವ ಸೀರಣಿಗೆ ಹಿಡಿದಳು. ಒಂದೊಂದೇ ಎಳೆ ಬಿಡಿಸುತ್ತ, ಯಾರೂ ಕೇಳದೆಯೇ ಹೇಳತೊಡಗಿದಳು.

“ಅಲ್ಲಿ ನಮ್ಮ ತಲೇಲಿ ಕೂದ್ಲೇ ಇರ್ಲಿಲ್ಲ. ಹೇನೆಲ್ಲ ಅಂಗಿ ಹೊಲಿಗೇಲಿ. ನಾನೂ ನಮ್ಮಕ್ಕ ಮಾಲ್ಕಾನೂ ಭಾನುವಾರ ಪಂದ್ಯ ಕಟ್ಕೊಂಡು ಕುಕ್ತಿದ್ವಿ. ಅವ್ಳು ಏಳು ಕುಕ್ಕಿ ಹತ್ತು ಅನ್ನೋಳು. ಮೋಸಗಾತಿ!”

ಮಾಲ್ಕಾ ದೊಡ್ಡಮ್ಮ ಅಲ್ಲಿಂದ ಬರಲಿಲ್ಲ ಎಂಬುದು ತಿರ್ಜಾಳಿಗೆ ಗೊತ್ತಿತ್ತು. ಮೋಸಗಾತಿ ಎಂಬುದು ಗೊತ್ತಿರಲಿಲ್ಲ. ಅವಳಿಗೆ ನಗು ಬಂತು. ಎದೆ ಹಗುರಾಯಿತು. ಆ ಧೈರ್ಯದಲ್ಲೇ ಹೇಳಿದಳು:

“ಅಮ್ಮಾ, ಹೋದ್ ತಿಂಗ್ಳು ಗೋಡೆಯಿಂದ ಬಿದ್ದಿದ್ದೆ. ಮಂಡಿ ಕಿತ್ತೋಗಿತ್ತು.”

“ಗೊತ್ತು.”

“ಯಾರ್ ಹೇಳಿದ್ರು?”

“ರಕ್ತ ಆಗಿದ್ದ ಕಾಲುಚೀಲ ಒಗ್ದೋರ್ಯಾರು? ನಿಮ್ಮ ನರ್ಸಮ್ಮನಾ?”

“ಮತ್ತೆ ಯಾಕೆ ಕೇಳ್ಲಿಲ್ಲ?”

ಅಮ್ಮ ಸೀರಣಿಗೆಗೆ ಸಿಕ್ಕ ಹೇನೊಂದನ್ನು ಉಗುರಿನ ಮೇಲಿಟ್ಟು ಕುಕ್ಕಿದಳು.

“ನಂಗೆ ಗೊತ್ತಾಯ್ತು ಅಂದ್ರೆ ನೀನು ಹೆದರ್ಕೋತೀಯ ಅಂತ,” ಎಂದಳು ಬ್ಲೀಮಾ. “ತಲೆ ಬಗ್ಸು. ಇನ್ನೊಂದು ಪಕ್ಕ ಹಾಗೇ ಇದೆ.”