ಹೆಪ್ಪುಗಟ್ಟಿದ ಔಷಧಿ

ನಮ್ಮ ರುದೈನಾ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಲೆಬನಾನಿನ ತ್ರಿಪೋಲಿಯ ಹಳೇ ಪೇಟೆಯಲ್ಲಿ ಮದುವಣಗಿತ್ತಿಯರ ಉಡುಪು ಹೊಲಿಯುತ್ತಿದ್ದವಳು. ನರಗಳ ಹೊದಿಕೆಯನ್ನು ದೇಹವೇ ಕೆಡಿಸಿಕೊಳ್ಳುವ ಮಲ್ಟಿಪಲ್ ಸ್ಕ್ಲೆರೋಸಿಸ್ ಅವಳಿಗೆ ಹರೆಯದಲ್ಲೇ ಶುರುವಾಗಿತ್ತು. ಔಷಧಿಯ ಸೂಜಿಯನ್ನು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಇವತ್ತು ತೊಡೆಯಾದರೆ ಮುಂದಿನ ಸಲ ಹೊಟ್ಟೆ; ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮ ಕೆಡುತ್ತದೆ.

ಔಷಧಿಗೆ ತಂಪು ಬೇಕು. ನಮ್ಮಲ್ಲಿ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಓಣಿಯಲ್ಲಿ ಫ್ರಿಜ್ ನಿಲ್ಲದೆ ಓಡುತ್ತಿದ್ದುದು ಅವಳ ಮನೆಯ ಕೆಳಗಿನ ಮಿಠಾಯಿ ಅಂಗಡಿಯ ಮುದುಕ ಅಬು ನಸೂಹನಲ್ಲಿ ಮಾತ್ರ. ಅವನಿಗೆ ಸ್ವಂತ ಜನರೇಟರ್ ಇತ್ತು. ಅವನ ಕೆನೆಯ ತಟ್ಟೆಗಳ ಪಕ್ಕದಲ್ಲೇ ಅವಳ ಔಷಧಿಯ ಪೆಟ್ಟಿಗೆ ಇರುತ್ತಿತ್ತು.

ಒಂದು ವರ್ಷ ಈದ್ ಹಬ್ಬದ ಮುನ್ನಾದಿನ ಅವಳು ಕೆಳಗಿಳಿದು ಬಂದಾಗ ಮುದುಕ ಹೆಮ್ಮೆಯಿಂದ ಫ್ರೀಜರಿನ ಬಾಗಿಲು ತೆರೆದ.

"ಹಬ್ಬದ ಕೆನೆಗೇ ಜಾಗ ಸಾಲ್ಲಿಲ್ಲ ಮಗಳೇ. ನಿನ್ ಔಷಧೀನ ಇನ್ನೂ ತಣ್ಣಗಿರೋ ಕಡೆ ಇಟ್ಟೆ. ಕಲ್ಲಾಗಿದೆ ನೋಡು, ಒಂದು ಹನೀನೂ ಕೆಟ್ಟಿರಲ್ಲ."

ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿಯೂ ಬಳಸುವಂತಿಲ್ಲ. ಅದು ಅವಳಿಗೆ ಗೊತ್ತಿತ್ತು. ಊರಿನ ಔಷಧಿ ಅಂಗಡಿಗಳಲ್ಲಿ ಇನ್ನೊಂದು ಪೆಟ್ಟಿಗೆ ಇರಲಿಲ್ಲ; ಇಸ್ತಾಂಬುಲಿನಲ್ಲಿರುವ ಅವಳ ಅಣ್ಣ ತರಬೇಕು, ಅವನು ಬರುವುದು ಬೇಸಿಗೆಗೆ.

"ನಿಮ್ ಕೈ ಸುಖವಾಗಿರ್ಲಿ ಚಿಕ್ಕಪ್ಪ," ಅಂದಳು.

ಪೆಟ್ಟಿಗೆಯನ್ನು ಮನೆಗೆ ಒಯ್ದು, ಕರಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಿಳಿಯಾಗಿಯೇ ಕಂಡಿತು. ಚುಚ್ಚಿಕೊಂಡುಬಿಡಲೇ ಅನ್ನಿಸಿತು. ಆದರೂ ಅಷ್ಟನ್ನೂ ಬಿಸಾಡಿದಳು.

"ಚುಚ್ಕೊಂಡ್ಯಾ?" ಎಂದು ಮುದುಕ ಮೆಟ್ಟಿಲ ಬಳಿ ಕೇಳುತ್ತಿದ್ದ.

"ಹೂಂ ಚಿಕ್ಕಪ್ಪ. ನಿಮ್ಮ ಬಾಯಿಗಿಂತ ಸೂಜಿನೇ ಮೆತ್ತಗಿದೆ."

ಅವನು ನಕ್ಕು ಅಕ್ಕಪಕ್ಕದವರಿಗೂ ಹೇಳುತ್ತಿದ್ದ, ಈ ಹುಡುಗಿಯ ಔಷಧಿ ಕಾಯ್ದುಕೊಟ್ಟವನು ತಾನು ಎಂದು. ನಿಜ ಹೇಳಿ ಅವನನ್ನು ನೋಯಿಸುವುದು ಅವಳಿಗೆ ಬೇಡವಾಗಿತ್ತು. ಡಾಕ್ಟರಿಗೂ ತಿಳಿಸಲಿಲ್ಲ, ತಿಳಿಸಿದ್ದರೆ ಬೇರೇನಾದರೂ ದಾರಿ ಇತ್ತೋ ಏನೋ.

ಔಷಧಿ ತಪ್ಪಿ ರೋಗ ಮರುಕಳಿಸಿತು, ಬೇಸಿಗೆಗೆ ಮುಂಚೆಯೇ ಎಡಗಣ್ಣು ಮಸುಕಾಯಿತು. ಆಸ್ಪತ್ರೆಯಲ್ಲಿ ಮಲಗಿ ಬಂದ ಮೇಲೆ ದೃಷ್ಟಿ ಅರ್ಧ ಮರಳಿತು. ಬಿಳಿ ಬಟ್ಟೆಯ ಮೇಲಿನ ಬಿಳಿ ಹೊಲಿಗೆ ಆಮೇಲೆ ಅವಳಿಗೆ ಕಾಣಲೇ ಇಲ್ಲ.

ಅಣ್ಣ ತಂದ ಪೆಟ್ಟಿಗೆ ಹಿಡಿದು ಅಂಗಡಿಗೆ ಹೋದಳು.

"ಚಿಕ್ಕಪ್ಪ, ಇದನ್ನ ಫ್ರೀಜರ್‌ನಲ್ಲಿ ಇಡ್ಬೇಡಿ. ಹೆಪ್ಪುಗಟ್ಟಿದ್ರೆ ಎಸೀಬೇಕಾಗುತ್ತೆ."

ಮುದುಕ ಅವಳ ಕಣ್ಣನ್ನೇ ನೋಡುತ್ತ ನಿಂತ. "ಹಾಗಾದ್ರೆ ಹಬ್ಬದಲ್ಲಿ..."

"ಹಬ್ಬ ಮುಗೀತಲ್ಲ ಚಿಕ್ಕಪ್ಪ."

ಅವನು ಫ್ರಿಜ್ಜಿನ ಒಂದು ಸಾಲಿನ ಕೆನೆಯನ್ನೆಲ್ಲ ತೆಗೆದು ಹೊರಗಿಟ್ಟ. ಆ ಸಾಲಿನಲ್ಲಿ ಅವಳ ಪೆಟ್ಟಿಗೆಯೊಂದನ್ನೇ ಇಟ್ಟ. ಅವಳಿದ್ದಷ್ಟು ಕಾಲ, ಯಾವ ಹಬ್ಬ ಬಂದರೂ, ಅಲ್ಲಿ ಬೇರೇನನ್ನೂ ಇಡಲಿಲ್ಲ.