ಎರಡು ಪಾಯಿಂಟ್ ಎಂಟರ ಭಾವ

ಖಡಕಿಯಲ್ಲಿರುವ ನನ್ನ ಭಾವ, ಅಂದರೆ ಗಂಡನ ಅಣ್ಣ, ನಿವೃತ್ತರಾದ ಮೇಲೆ ಒಂದು ಝೂಮ್ ಲೆನ್ಸ್ ಕೊಂಡರು. ಅದಕ್ಕೆ ಆ ಮನೆಯಲ್ಲಿ ದೇವರಿಗಿಂತ ತುಸು ಮೇಲಿನ ಸ್ಥಾನ. ಅದು ಮೇಜಿನ ಮೇಲಿದ್ದಾಗ ಯಾರೂ ಸೀನುವಂತಿರಲಿಲ್ಲ.

ನನ್ನದು ಕ್ಯಾಮೆರಾ ಜೊತೆಗೇ ಬಂದ ಸಾದಾ ಝೂಮ್.

“ನೋಡವಾ, ನಿಂದು ದೂರದ್ದು ಹತ್ರ ಎಳೀತಾ ಹೋದಂಗ ಕಣ್ಣು ಸಣ್ಣ ಮಾಡ್ತದ. ಮೂರೂವರೆ ಇದ್ದದ್ದು ಐದು ಪಾಯಿಂಟ್ ಆರು ಆಗ್ತದ. ಅಂಕಿ ಏರಿದಂಗ ಬೆಳಕು ಕಡಿಮಿ. ನಂದು ಈ ತುದಿಯಿಂದ ಆ ತುದಿ ತನಕಾ ಎರಡು ಪಾಯಿಂಟ್ ಎಂಟು. ಅಲ್ಲಾಡಂಗಿಲ್ಲ,” ಎನ್ನುತ್ತಿದ್ದರು. ಹೇಳಿದ್ದೆಲ್ಲ ನಿಜ. ಬೇಸರದ ಸಂಗತಿಯೇ ಅದು.

ನಾದಿನಿಯ ಮಗಳ ನಿಶ್ಚಿತಾರ್ಥ ಬಿಬವೇವಾಡಿಯ ಒಂದು ಹಾಲ್‌ನಲ್ಲಿ ಇತ್ತು. ಫೋಟೋದವರು ಯಾಕೆ, ನಾನಿಲ್ಲವೇ ಎಂದಿದ್ದರು ಭಾವ. ಹಾಲ್‌ನ ಅರ್ಧ ದೀಪಗಳು ಉರಿಯುತ್ತಿರಲಿಲ್ಲ. ಎಲ್ಲರ ಮುಖ ಬಾಡಿದಾಗ ಭಾವನ ಮುಖವೊಂದೇ ಅರಳಿತು.

ವರನ ಕಡೆಯ ಹಿರಿಯರೊಬ್ಬರು ಲೆನ್ಸ್ ನೋಡಿ, “ಕಿತಿ ಜಡ್ ಆಹೇ ಹೋ,” ಎಂದು ಮರಾಠಿಯಲ್ಲಿ ಅದರ ಭಾರ ವಿಚಾರಿಸಿದರು. ಪಾಪ, ಬರೀ ಸೌಜನ್ಯಕ್ಕೆ. ಭಾವ ವೇದಿಕೆಗೆ ಬೆನ್ನು ಮಾಡಿ, ಬೆಳಕು ಎಂದರೇನು ಎಂಬಲ್ಲಿಂದ ಶುರು ಮಾಡಿದರು.

ಅವರ ಬೆನ್ನ ಹಿಂದೆ ವರ ಉಂಗುರ ಕೈಗೆತ್ತಿಕೊಂಡ. ನಾನು ಕೊನೆಯ ಸಾಲಿನಲ್ಲಿದ್ದೆ. ಝೂಮ್ ಪೂರ್ತಿ ಎಳೆದು, ಕ್ಯಾಮೆರಾ ಅಲುಗದಂತೆ ಮೊಣಕೈಯನ್ನು ಕುರ್ಚಿಗೆ ಒತ್ತಿ, ಉಸಿರು ಹಿಡಿದು ಒಂದೇ ಸಮನೆ ಕ್ಲಿಕ್ಕಿಸುತ್ತಾ ಹೋದೆ. ಹೆಚ್ಚಿನವು ಅಲುಗಿದ್ದವು. ಒಂದು ಸ್ಪಷ್ಟವಾಗಿ ನಿಂತಿತು.

ಚಪ್ಪಾಳೆ ಕೇಳಿ ಭಾವ ತಿರುಗಿದರು.

“ಇನ್ನೊಮ್ಮೆ ಹಾಕ್ರಿ.”

“ಹಾಕಿದ ಉಂಗುರ ತಗೀಬಾರದ್ರಿ,” ಎಂದರು ಪುರೋಹಿತರು.

ಕೊನೆಗೆ ಜೋಡಿಯನ್ನು ನಿಲ್ಲಿಸಿ, ಲೆನ್ಸನ್ನು ಪೂರ್ತಿ ತೆರೆದು ಫೋಟೋ ತೆಗೆದರು. ಮುಂದೆ ಬಾಗಿದ್ದ ಪುರೋಹಿತರ ಕಿವಿಯ ಕೂದಲು ಒಂದೊಂದಾಗಿ ಎಣಿಸಬಹುದಿತ್ತು.

“ಹಿಂದಿಂದೆಲ್ಲಾ ಮಸಕಾಗಿ ಹ್ಯಾಂಗ ಬೆಣ್ಣಿಗತೆ ಕರಗೇದ ನೋಡು,” ಎಂದರು ಭಾವ.

ಹಿಂದೆ ಕರಗಿದ್ದವಳು ಮದುಮಗಳು.

ನಾದಿನಿ ನನ್ನ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಭಾವ ಅಲ್ಲಿಗೆ ಹೋದಾಗಲೆಲ್ಲ ಅದರ ಮುಂದೆ ನಿಂತು ಬಂದವರಿಗೆ ಪಾಠ ಹೇಳುತ್ತಾರೆ.

“ಐದು ಪಾಯಿಂಟ್ ಆರು. ಬೆಳಕು ಸಾಲಲಿಲ್ಲ, ಅದಕ್ಕ ಫೋಟೋ ಕಾಳು ಕಾಳು ಬಂದದ.”

ಹೋದ ಸಲ ಚಹಾ ತಂದ ನಾದಿನಿಯ ಮಗಳು ಅಲ್ಲೇ ನಿಂತಳು.

“ಇದರಾಗ ನಾ ಅದೀನಲ್ರಿ, ಮಾಮಾ,” ಎಂದಳು.

ಭಾವ ಚಹಾ ಕುಡಿದರು. ಸಕ್ಕರೆ ಕಡಿಮೆಯಾಗಿದೆ ಎಂದರು.