ಅರಿಸಿನ ಹಾಕಿದ ನೀರು

ನಾನೀಗ ಇರುವ ಚಾಮರಾಜನಗರದಲ್ಲಿ ತಿಂಡಿ ಗಾಡಿಯವರೆಲ್ಲ ಕಾಗದದ ತಟ್ಟೆ ಕೊಡುತ್ತಾರೆ. ತಿಂದು ಎಸೆಯುವಾಗ ನಮ್ಮೂರು ಗುಂಡ್ಲುಪೇಟೆಯ ಸ್ಟೀಲ್ ತಟ್ಟೆಗಳು ನೆನಪಾಗುತ್ತವೆ.

ಅಲ್ಲಿ ಬಸ್ ನಿಲ್ದಾಣದ ಮಗ್ಗುಲಲ್ಲಿ ಗಾಡಿಯಿಟ್ಟು ಮಸಾಲೆಪುರಿ ಮಾರುತ್ತಿದ್ದ ಅಕ್ಕ, ತಟ್ಟೆ ಅದ್ದಿ ತೊಳೆಯುವ ಬಕೆಟ್ಟಿಗೆ ಒಂದು ಹಿಡಿ ಅರಿಸಿನ ಹಾಕುತ್ತಿದ್ದರು. ಹಿಡಿಯೋ ಚಿಟಿಕೆಯೋ, ಖಾತ್ರಿಯಿಲ್ಲ. ನೀರು ಹಳದಿಯಾಗಿದ್ದದ್ದು ನಿಜ. ಗಾಯಕ್ಕೂ ಹೊಸ್ತಿಲಿಗೂ ಅರಿಸಿನವನ್ನೇ ಹಚ್ಚುವ ಸೀಮೆ ನಮ್ಮದು. ತಟ್ಟೆಗೂ ಅದೇ ಸಾಕೆಂದು ಅವರು ನಂಬಿದ್ದರು. ಹಾಗಾಗಿ ಸಂಜೆಯಿಡೀ ಒಂದೇ ನೀರು.

ಆಗ ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಊರಿಗೆ ಬಂದರೆ ಮನೆಗಿಂತ ಮೊದಲು ಆ ಗಾಡಿ. ಬಿಸಿ ಬಟಾಣಿ, ಮೇಲೆ ಹಸಿ ಈರುಳ್ಳಿ. ಅಷ್ಟೊಂದು ರುಚಿ ನಿಜಕ್ಕೂ ಇತ್ತೋ, ಹಾಸ್ಟೆಲ್ ಊಟ ಉಂಡವನ ಹಸಿವೋ, ಹೇಳಲಾರೆ. ಒಮ್ಮೆ ಅಕ್ಕನನ್ನು ಕೇಳಿಯೇ ಆ ನೀರನ್ನು ಬಾಟಲಿಯಲ್ಲಿ ಲ್ಯಾಬಿಗೆ ಒಯ್ದೆ. ಎರಡು ದಿನದಲ್ಲಿ ಗಾಜಿನ ತಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಮಲದಿಂದ ಬರುವ ಜಾತಿಯೂ ಇತ್ತು.

ಮುಂದಿನ ವಾರ ಅದನ್ನು ಅವರೊಬ್ಬರಿಗೇ ಹೇಳಬೇಕಿತ್ತು. ಐದಾರು ಜನ ತಿನ್ನುತ್ತಿದ್ದಾಗಲೇ ಹೇಳಿಬಿಟ್ಟೆ. ಇಬ್ಬರು ತಟ್ಟೆ ಕೆಳಗಿಟ್ಟರು. ಆ ಗಾಡಿಯಿಂದಲೇ ಅಕ್ಕನ ಮನೆ ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು.

"ಅರ್ಸ್ನ ಆಕಿವ್ನಿ ಕಣಪ್ಪ, ಇನ್ನೆಂಥ ಉಳ?" ಎಂದರು ಅಕ್ಕ.

"ಅರ್ಸ್ನಕ್ಕೆ ಸಾಯೋ ಉಳ ಅಲ್ಲ ಕಣಕ್ಕ. ನೀರು ಚೆಲ್ಲಿ ಬ್ಯಾರೆ ತುಂಬ್ಸಬೇಕು."

"ನಲ್ಲಿ ಆ ತುದೀಲಯ್ತೆ. ನಾನು ನೀರಿಗೋದ್ರೆ ಗಾಡಿ ಯಾರು ನೋಡ್ಕಂಡಾರು, ನೀನಾ?"

ತಿನ್ನುತ್ತಲೇ ಇದ್ದ ಆಟೋ ಚಾಲಕರೊಬ್ಬರು, "ಇದ್ನೇ ತಿಂದು ತಾನೆ ನೀನು ಇಷ್ಟುದ್ದ ಬೆಳ್ದಿರದು? ಈಗ ಉಳ ಕಾಣ್ತಾ ನಿಂಗೆ?" ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ.

ಅಕ್ಕ ಬಕೆಟ್ಟೆತ್ತಿ ನೀರನ್ನೆಲ್ಲ ಚರಂಡಿಗೆ ಸುರಿದರು. ಖಾಲಿ ಬಕೆಟ್ಟನ್ನು ನನ್ನ ಕೈಗಿತ್ತು, ಎಲ್ಲರಿಗೂ ಕೇಳುವಂತೆ, "ಓಗಿ ತಕ್ಕಬಾ. ನೀನು ಬರೋಗಂಟ ಯಾರ್ಗೂ ಕೊಡಕಿಲ್ಲ," ಎಂದರು.

ಆ ಸಂಜೆ ಎಷ್ಟು ಸಲ ಹೊತ್ತೆನೋ. ನೆನಪು ಏಳು ಎನ್ನುತ್ತದೆ. ನಾನು ನಂಬುವುದು ಮೂರು. ಮೊದಲ ಬಕೆಟ್ಟು ತರುವ ಹೊತ್ತಿಗೆ ತಟ್ಟೆಯಿಟ್ಟವರಲ್ಲಿ ಒಬ್ಬರು ಹೋಗಿಯಾಗಿತ್ತು. ಇನ್ನೊಬ್ಬರು ಕಾಯುತ್ತಿದ್ದರು. ಅಕ್ಕ ತಟ್ಟೆಯನ್ನು ಎರಡು ಸಲ ತೊಳೆದು, ಸೆರಗಿಗೆ ಒರೆಸಹೋಗಿ ತಡೆದುಕೊಂಡು, ನೀರು ಕೊಡವಿ, ಕಾಯುತ್ತಿದ್ದವರಿಗೆ ಬಡಿಸಿದರು. ಅವರು ನಿಧಾನವಾಗಿ ತಿಂದು, "ಇನ್ನೊಂದು ಆಕವ್ವ" ಎಂದರು.

ಆಗ ಅಕ್ಕ ನನ್ನ ಕಡೆ ತಿರುಗಿದರು. "ಏನು ನಿಂತ್ಕಂಡೆ? ಇನ್ನೊಂದು ಬಕೀಟು ತಾ."